ದೋಣಿ ಕೂಗಿಕೊಂಡ ದಿನಗಳು

ಅವಳನ್ನು ನಮ್ಮ ಬೀದಿಯಲ್ಲಿ ಟಿಕೆಟಕ್ಕ ಎಂದಲ್ಲದೆ ಬೇರೆ ಹೆಸರಿನಿಂದ ಯಾರೂ ಕರೆದದ್ದು ನಾನು ಕೇಳಿಲ್ಲ. ಗಂಡ ಮೋಟಾರು ದೋಣಿ ಓಡಿಸುತ್ತಿದ್ದರು, ಅವಳು ಅದರಲ್ಲಿ ಟಿಕೆಟು ಹರಿದು ಕೊಡುತ್ತಿದ್ದಳು. ಹೊಳೆ ಅಗಲ. ಈ ದಡದಲ್ಲಿ ನಮ್ಮ ಮನೆಗಳು, ಆ ದಡದಲ್ಲಿ ಆಸ್ಪತ್ರೆ, ಕಾರ್ಖಾನೆ, ದೊಡ್ಡ ಅಂಗಡಿಗಳು. ಬೆಳಗಾದರೆ ಅರ್ಧ ಬೀದಿ ಆ ದೋಣಿಯಲ್ಲಿರುತ್ತಿತ್ತು. ಆಸ್ಪತ್ರೆಗೆ ಹೊರಟವರ ಮುಖ ನೋಡಿಯೇ ಗುರುತಿಸಿ, ನೀರು ಸಿಡಿಯದ ನಡುವಿನ ಬೆಂಚಿನಲ್ಲಿ ಕೂರಿಸುತ್ತಿದ್ದಳು. ಅದಕ್ಕಾಗಿ ಕೂತವರನ್ನು ಎಬ್ಬಿಸಬೇಕಾದರೂ ಹಿಂದೆಮುಂದೆ ನೋಡುತ್ತಿರಲಿಲ್ಲ.

ಗಂಡನಿಗೆ ಕ್ಯಾಪ್ಟನ್ ಎಂಬ ಹೆಸರು ಬಿದ್ದಿತ್ತು. ಸಮುದ್ರವನ್ನು ಅವರು ಕಣ್ಣಿಂದಲೂ ಕಂಡವರಲ್ಲ. ಮಾತುಗಾರ. ದೋಣಿ ದಡ ಬಿಟ್ಟರೆ ಅವರ ಬಾಯಿಯೂ ಶುರುವಾಗುತ್ತಿತ್ತು. ಎಂಜಿನ್ನಿನ ಸದ್ದಿಗಿಂತ ಅವರ ಸದ್ದು ಒಂದು ಕೈ ಮೇಲೆ. "ಹಡಗಿಲ್ಲದ ಕ್ಯಾಪ್ಟನ್ ನಾನು, ಸಂಬಳ ಇಲ್ಲದ ಸಿಬ್ಬಂದಿ ನನ್ನ ಹೆಂಡ್ತಿ" ಎಂದು ಎಲ್ಲರೆದುರು ಹೇಳಿ ಅವಳಿಂದ ಬೈಸಿಕೊಳ್ಳುತ್ತಿದ್ದರು. ನಾನು ಅವರ ಪಕ್ಕದ ಮನೆಯವಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ, ಅದೂ ತೆಳುವಾದದ್ದು. ಹಾಗಾಗಿ ಮುಂದೆ ಹೇಳುವುದರಲ್ಲಿ ಸ್ವಲ್ಪ ನಾನು ಕಂಡದ್ದು, ಸ್ವಲ್ಪ ಗೋಡೆಯಾಚೆಯಿಂದ ಕೇಳಿಸಿದ್ದು, ಉಳಿದದ್ದು ಅವಳೇ ಹೇಳಿದ್ದು.

ಹೊಳೆಗೆ ಸೇತುವೆ ಬಂತು. ಬಸ್ಸು ಓಡಾಡತೊಡಗಿದ ಮೇಲೆ ದೋಣಿಗೆ ಬರುವವರು ಕಡಿಮೆಯಾಗುತ್ತ ಹೋಗಿ, ಕಡೆಗೆ ಖಾಲಿ ಬೆಂಚುಗಳನ್ನು ಹೊತ್ತುಕೊಂಡು ಆಚೆ ಈಚೆ ಹೋಗಿಬರುವುದು ಕ್ಯಾಪ್ಟನ್ನರಿಗೇ ನಗೆಪಾಟಲಾಗಿ ಕಾಣಿಸಿತು. ಒಂದು ದಿನ ದೋಣಿಯನ್ನು ಮನೆಯ ಹಿಂದಿನ ತಗಡಿನ ಶೆಡ್ಡಿಗೆ ಎಳೆದು, ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಅದಕ್ಕೊಂದು ದಪ್ಪ ಬಟ್ಟೆಯ ಹೊದಿಕೆ ಹೊಲಿದುಕೊಟ್ಟವಳು ನಾನೇ. ಅಳತೆ ಕೊಡುವಾಗ ಅವರು, "ಸ್ವಲ್ಪ ಸಡಿಲವಾಗೇ ಇರಲಿ, ಮಲಗಿದವರಿಗೆ ಉಸಿರು ಕಟ್ಟಬಾರದು" ಎಂದಿದ್ದರು.

ಆಮೇಲೆ ಆಚೆ ದಡದ ಅಂಗಡಿಯೊಂದರಲ್ಲಿ ಲಿಫ್ಟು ನಡೆಸುವ ಕೆಲಸ ಸಿಕ್ಕಿತು. "ಆಗ ಆಚೆ ಈಚೆ ಹೋಗ್ತಿದ್ದೆ, ಈಗ ಮೇಲೆ ಕೆಳಗೆ. ಒಟ್ಟಲ್ಲಿ ಎಲ್ಲೂ ಮುಟ್ಟಲ್ಲ ನಾನು" ಎನ್ನುತ್ತಿದ್ದರು. ಅವರು ಬಿದ್ದದ್ದೂ ಆ ಲಿಫ್ಟಿನಲ್ಲೇ. ಬಾಗಿಲು ತೆರೆದಾಗ ಸ್ಟೂಲಿನಿಂದ ಜಾರಿ ಗೋಡೆಗೊರಗಿ ಕೂತಿದ್ದರಂತೆ. ಕಾದು ನಿಂತವರು ಮೊದಲು ಅದನ್ನೂ ತಮಾಷೆ ಎಂದೇ ತಿಳಿದರಂತೆ.

ಜೀವ ಉಳಿಯಿತು. ಲಕ್ವ ಹೊಡೆದು ಬಲಗೈ ಬಲಗಾಲು ಹೋದವು. ಮಾತೂ ಹೋಯಿತು, ಒಂದು ಪದ ಬಿಟ್ಟು. ಅಷ್ಟೊಂದು ಮಾತಿನ ರಾಶಿಯಲ್ಲಿ ಅವರಿಗೆ ಉಳಿದದ್ದು "ಆಮೇಲೆ" ಎಂಬ ಪದ ಮಾತ್ರ. ಹಸಿವಾದರೂ ಆಮೇಲೆ, ಹೊಟ್ಟೆ ತುಂಬಿದರೂ ಆಮೇಲೆ, ಬೈಯುವುದಕ್ಕೂ ಕರೆಯುವುದಕ್ಕೂ ಅದೇ. ಇಂಥದ್ದು ಕೆಲವರಿಗೆ ಆಗುತ್ತದೆ, ಒಳಗೆ ಎಲ್ಲ ತಿಳಿಯುತ್ತಿರುತ್ತದೆ, ಹೊರಗೆ ಬರುವಾಗ ಮಾತ್ರ ಒಂದೇ ಆಗಿ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದರು. ಟಿಕೆಟಕ್ಕ ಮೊದಮೊದಲು ದನಿಯ ಏರಿಳಿತದಿಂದ ಅರ್ಥ ಹಿಡಿಯಲು ನೋಡಿದಳು. "ಇವರು ಆಮೇಲೆ ಅಂದ್ರೆ ಈಗಲೇ ಅಂತ" ಎಂದು ನನ್ನ ಹತ್ತಿರ ನಕ್ಕಳು. ಬರಬರುತ್ತ ಅರ್ಥ ಹಿಡಿಯುವವಳೂ ದಣಿದಳು, ಹೇಳುವವರೂ ದಣಿದರು. ಕಿಟಕಿಯ ಕಡೆ ಬೆನ್ನು ಹಾಕಿ ಮಲಗುವುದು ಅವರಿಗೆ ರೂಢಿಯಾಯಿತು. ಗೋಡೆಯಾಚೆ ಪಾತ್ರೆಗಳ ಸದ್ದು ಬಿಟ್ಟರೆ ಬೇರೇನೂ ಕೇಳದಂತಾಯಿತು.

ಹೀಗಿರುವಾಗ ಮಳೆಗಾಲದಲ್ಲಿ ಹೊಳೆ ಉಕ್ಕಿ ಸೇತುವೆಯ ಒಂದು ಕಂಬ ಕುಸಿಯಿತು. ಸೇತುವೆ ಮುಚ್ಚಿದರು. ಬಸ್ಸು ಸುತ್ತು ಬಳಸಿ ಹೋಗಬೇಕು. ಆಸ್ಪತ್ರೆಗೆ ಹೋಗಿಬರುವುದರಲ್ಲಿ ದಿನ ಮುಗಿಯುತ್ತಿತ್ತು. ನೀರು ಇಳಿದ ಮೇಲೆ ಒಬ್ಬೊಬ್ಬರಾಗಿ ಟಿಕೆಟಕ್ಕನ ಬಾಗಿಲಿಗೆ ಬಂದರು. ದೋಣಿ ಇದೆಯಲ್ಲ, ಇಳಿಸಬಾರದೇ ಎಂದರು. ಅವಳು ಒಳಗೆ ಮಲಗಿದ್ದ ಗಂಡನ ಕಡೆ ತಿರುಗಿ, "ಏನ್ರೀ, ದೋಣಿ ಇಳಿಸೋಣ್ವಾ?" ಎಂದು ಕೇಳಿದಳು. ಅವರು ಗೋಡೆಯ ಕಡೆಗೇ ನೋಡುತ್ತಿದ್ದರು. ಆ ಒಂದು ಪದವೂ ಬರಲಿಲ್ಲ.

ಅವಳು ಮೈದುನನಿಗೆ ಹೇಳಿಕಳಿಸಿದಳು. ಕ್ಯಾಪ್ಟನ್ನರ ತಮ್ಮ ಸ್ಕೂಟರ್ ರಿಪೇರಿ ಮಾಡುವವನು, ಕೆಲಸ ಬಲ್ಲವನು. ಆದರೆ ಮೂಗಿನ ತುದಿಯಲ್ಲಿ ಕೋಪ. ಅವನು ಬಂದು ಹೊದಿಕೆ ಎಳೆದ. ಒಳಗೆ ಜೇಡರ ಬಲೆ, ಇಲಿಯ ಹಿಕ್ಕೆ, ಬೆಂಚಿನ ಸಂದಿಯಲ್ಲಿ ಒಣಗಿ ಸುರುಳಿಯಾದ ಎಲೆಗಳು. ಟ್ಯಾಂಕಿನ ಪೆಟ್ರೋಲು ಹಳೆಯ ವಾರ್ನಿಷ್‌ನ ವಾಸನೆ ಹೊಡೆಯುತ್ತಿತ್ತು. ಅದನ್ನೆಲ್ಲ ಬಸಿದು, ಪ್ಲಗ್ಗು ಬದಲಿಸಿ, ಕಾರ್ಬುರೇಟರ್ ತೊಳೆದು, ಯಾರದೋ ಕಾರಿನ ಬ್ಯಾಟರಿ ತಂದು ಜೋಡಿಸಿದ. ದೋಣಿಯ ಹಿಂಭಾಗಕ್ಕೆ ಒಂದು ಡ್ರಮ್ಮು ಇಟ್ಟು ನೀರು ತುಂಬಿಸಿ, ಎಂಜಿನ್ನಿನಿಂದ ಕೆಳಗಿಳಿದ ಕಾಲನ್ನು ಅದರಲ್ಲಿ ಮುಳುಗಿಸಿದ. ಈ ಎಂಜಿನ್ನು ತಣ್ಣಗಿರಬೇಕಾದರೆ ಅದರ ಕಾಲು ಸದಾ ನೀರು ಹೀರುತ್ತಿರಬೇಕು, ಹೀರಿದ್ದನ್ನು ಹಿಂದಿನ ಸಣ್ಣ ಕಿಂಡಿಯಿಂದ ಉಗುಳುತ್ತಿರಬೇಕು.

ಕೀ ತಿರುಗಿಸಿದಾಗ ಒಮ್ಮೆ ಬೀಪ್ ಎಂದಿತು. ಅದು ಸರಿಯೇ, ನಾನು ಎಚ್ಚರವಾಗಿದ್ದೇನೆ ಎಂದು ಹೇಳುವ ಸದ್ದು. ಹಗ್ಗ ಹರಿದುಕೊಳ್ಳುವ ದನದಂತೆ ಎಂಜಿನ್ನು ಒದ್ದಾಡಿ, ಕಪ್ಪು ಹೊಗೆ ಕಾರಿ, ಹತ್ತಿಕೊಂಡಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ನಿಂತು ಸ್ವಲ್ಪ ಹೊತ್ತಿಗೆ ಅದು ಕೂಗಿಕೊಂಡಿತು. ಬಿಟ್ಟು ಬಿಟ್ಟು ಅಲ್ಲ, ಒಂದೇ ಸಮನೆ, ಕಿವಿಯೊಳಗೆ ಸೂಜಿ ತೂರಿದಂತೆ. ತಗಡಿನ ಶೆಡ್ಡು ಆ ಕೂಗನ್ನು ಇಮ್ಮಡಿ ಮಾಡಿ ಬೀದಿಗೆಲ್ಲ ಹಂಚಿತು. ಮೈದುನ ಧಡಕ್ಕನೆ ಕೀ ತಿರುಗಿಸಿ ನಿಲ್ಲಿಸಿದ.

ಆಗಲೇ ಒಳಗಿನಿಂದ ಇನ್ನೊಂದು ಕೂಗು ಕೇಳಿದ್ದು. "ಆಮೇಲೆ! ಆಮೇಲೆ!"

ಟಿಕೆಟಕ್ಕ ಓಡಿದಳು. ಕ್ಯಾಪ್ಟನ್ ಎಡಗೈಯನ್ನು ಊರಿ ಅರ್ಧ ಎದ್ದು ಕೂತಿದ್ದರು. ಮುಖ ಕೆಂಪಾಗಿತ್ತು. ಹಿಂದಿನ ಬಾಗಿಲಿನ ಕಡೆ ಗದ್ದ ಎತ್ತಿ ತೋರಿಸುತ್ತಿದ್ದರು. ಎಷ್ಟೋ ತಿಂಗಳಾದ ಮೇಲೆ ಆ ಕಣ್ಣುಗಳು ಏನನ್ನೋ ನೋಡುತ್ತಿದ್ದವು ಎಂದಳು ಅವಳು. ಅಣ್ಣನನ್ನು ತಮ್ಮನೇ ಎತ್ತಿ ಕುರ್ಚಿಯಲ್ಲಿ ಕೂರಿಸಿ ಶೆಡ್ಡಿಗೆ ತಂದ.

ಕ್ಯಾಪ್ಟನ್ ಮೊದಲು ತೋರಿಸಿದ್ದು ಎಂಜಿನ್ನಿನ ಹಿಂದಿನ ಕಿಂಡಿಯನ್ನು. ಟಿಕೆಟಕ್ಕ ಬಗ್ಗಿ ನೋಡಿದಳು. ಕಣಜ ಮಣ್ಣಿನಿಂದ ಗೂಡು ಕಟ್ಟಿ ಕಿಂಡಿಯನ್ನು ಮುಚ್ಚಿಬಿಟ್ಟಿತ್ತು. ತಂತಿಯಿಂದ ಕೆದಕಿದರೆ ಒಣಮಣ್ಣು ಉದುರಿತು. ಮೈದುನನಿಗೆ ನಗು ಬಂತು. "ನೋಡಿ ಅತ್ತಿಗೆ, ನಾವು ಇಡೀ ಎಂಜಿನ್ ತೊಳೆದ್ವಿ, ಮೂಗು ಕಟ್ಟಿದೆ ಅಂತ ನೋಡಲೇ ಇಲ್ಲ." ಮತ್ತೆ ಹೊತ್ತಿಸಿದರು. ಕಿಂಡಿಯಿಂದ ನೀರು ಬಂತು, ಆದರೆ ಬೆರಳಿನಷ್ಟು ದಪ್ಪಕ್ಕೆ ಬರಬೇಕಾದದ್ದು ನೂಲಿನಂತೆ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೂಗು.

ಮರುದಿನ ಮೈದುನ ಇನ್ನೊಂದು ಪರೀಕ್ಷೆ ಮಾಡಿದ. ಬಿಸಿಯನ್ನು ಅಳೆಯುವ ಪುಟ್ಟ ಸಲಕರಣೆ ಎಂಜಿನ್ನಿನ ತಲೆಯ ಹತ್ತಿರ ಇರುತ್ತದೆ, ಎಂಜಿನ್ನು ಮಿತಿಮೀರಿ ಬಿಸಿಯಾದರೆ ಕೂಗಿಸುವುದು ಅದೇ. ಅದರ ವೈರು ಕಿತ್ತ ತಕ್ಷಣ ಕೂಗು ನಿಂತಿತು. "ಗೊತ್ತಾಯ್ತಲ್ಲ, ಇದೇ ಕೆಟ್ಟಿರೋದು. ಸುಳ್ಳು ಸುಳ್ಳೇ ಬಡ್ಕೊಳ್ತಿದೆ. ಇದನ್ನ ಕಿತ್ತೇ ಇಟ್ಟರೆ ಆಯ್ತು."

"ಸುಳ್ಳು ಅಂತ ಹೇಗೆ ಹೇಳ್ತೀಯಾ? ನಿಜ ಹೇಳಿದ್ರೂ ಇದೇ ತಾನೇ ಹೇಳಬೇಕು?" ಎಂದಳು ಟಿಕೆಟಕ್ಕ.

ಕ್ಯಾಪ್ಟನ್ ಕುರ್ಚಿಯಿಂದ ಮುಂದೆ ಬಾಗಿ ಎಡಗೈಯಿಂದ ಹೆಂಡತಿಯ ಮಣಿಕಟ್ಟು ಹಿಡಿದರು. ಅವಳ ಅಂಗೈಯನ್ನು ಎಳೆದುಕೊಂಡು ಹೋಗಿ ಎಂಜಿನ್ನಿನ ತಲೆಯ ಮೇಲೆ ಇಟ್ಟರು. ಅವಳು "ಅಯ್ಯೋ!" ಎಂದು ಕಿತ್ತುಕೊಂಡಳು. ಅಂಗೈ ಕೆಂಪಾಗಿತ್ತು. "ಆಮೇಲೆ" ಎಂದರು ಅವರು, ತಮ್ಮನ ಕಡೆ ನೋಡಿ, ಕಂಡೆಯಾ ಎನ್ನುವ ಹಾಗೆ.

ಅಲ್ಲಿಂದ ಮುಂದಿನ ದಿನಗಳಲ್ಲಿ ಆ ಮನೆಯ ನಡೆಯೇ ಬೇರೆಯಾಯಿತು. ಗೋಡೆಯಾಚೆ ಬೆಳಗಾಗುತ್ತಲೇ ಕುರ್ಚಿ ಎಳೆಯುವ ಸದ್ದು, ಸ್ಪ್ಯಾನರ್ ಬೀಳುವ ಸದ್ದು, ಅವಳ ಬೈಗುಳ, ಅವರ ಆಮೇಲೆ. ತಿಂಡಿ ತಿನ್ನಿಸಲು ಕೂತರೆ ಬಾಯಿ ಮುಚ್ಚಿಕೊಂಡು ಹಿಂದಿನ ಬಾಗಿಲು ತೋರಿಸುತ್ತಿದ್ದರಂತೆ. ಎಂಜಿನ್ನಿನ ಕಾಲನ್ನು ಬಿಚ್ಚಬೇಕಿತ್ತು. ಬೋಲ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಕದಲಲಿಲ್ಲ. ಸೀಮೆಎಣ್ಣೆ ಹಾಕಿ ಕಾದು, ಟಿಕೆಟಕ್ಕನೇ ಸ್ಪ್ಯಾನರಿನ ಮೇಲೆ ಕಾಲಿಟ್ಟು ನಿಂತು ಸಡಿಲಿಸಿದಳು. ನಾನು ಟೀ ತೆಗೆದುಕೊಂಡು ಹೋದಾಗ ಅವಳ ಮೊಣಕೈವರೆಗೆ ಗ್ರೀಸು. ಕ್ಯಾಪ್ಟನ್ನರ ಮುಖದ ಎಡಭಾಗ ನಗುತ್ತಿತ್ತು. ಬಲಭಾಗಕ್ಕೆ ನಗಲು ಬರುತ್ತಿರಲಿಲ್ಲ.

ಕಾಲಿನೊಳಗೆ ನೀರು ಎತ್ತುವ ರಬ್ಬರಿನ ಚಕ್ರ ಇತ್ತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಸುತ್ತಲೂ ರೆಕ್ಕೆಗಳು. ಬಹುಕಾಲ ಒಂದೇ ಭಂಗಿಯಲ್ಲಿ ಮಡಚಿಕೊಂಡಿದ್ದ ರೆಕ್ಕೆಗಳು ಮರದಂತೆ ಗಟ್ಟಿಯಾಗಿದ್ದವು. ಕೆಲವು ಬುಡದಿಂದಲೇ ಮುರಿದುಹೋಗಿದ್ದವು. "ಇದೇ, ಇದೇ" ಎಂದು ಮೈದುನ ಹೊಸ ಚಕ್ರ ತಂದು ಹಾಕಿದ. ಎಲ್ಲ ಜೋಡಿಸಿ ಹೊತ್ತಿಸಿದರೆ ಧಾರೆ ಮೊದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಕೂಗು ಸ್ವಲ್ಪ ತಡವಾಗಿ ಬಂತು. ಬಂದದ್ದು ಮಾತ್ರ ಅದೇ ಕೂಗು.

ಮೈದುನನ ತಾಳ್ಮೆ ಅಲ್ಲಿಗೆ ಮುಗಿಯಿತು. ತನ್ನ ಅಂಗಡಿಯ ಕೆಲಸ ಬಿಟ್ಟು ಬಂದವನು. ದಡದಲ್ಲಿ ಜನ ಬೇರೆ, ಯಾವಾಗ ಇಳಿಸ್ತೀರಿ ಎಂದು ಅವನ ತಲೆ ತಿನ್ನುತ್ತಿದ್ದರು. ಒಂದು ಮಧ್ಯಾಹ್ನ ಟಿಕೆಟಕ್ಕ ಗಂಡನ ಔಷಧಿ ತರಲು ಹೋಗಿದ್ದಳು. ಅವಳು ಬೀದಿಯ ತುದಿಗೆ ಬರುವಾಗಲೇ ಎಂಜಿನ್ನು ಓಡುವ ಸದ್ದು ಕೇಳಿತಂತೆ. ಕೂಗು ಇಲ್ಲ. ಸರಿಹೋಯಿತು ಎಂದುಕೊಂಡು ಹೆಜ್ಜೆ ಬೇಗ ಹಾಕಿದಳು. ಹಿತ್ತಿಲಿಗೆ ಬಂದರೆ ಬಣ್ಣ ಸುಟ್ಟ ವಾಸನೆ. ಕ್ಯಾಪ್ಟನ್ ಕುರ್ಚಿಯ ಕೈಯನ್ನು ದಬದಬ ಬಡಿಯುತ್ತಿದ್ದರು. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ದನಿ ಬಿದ್ದುಹೋಗಿತ್ತು. ಮೈದುನ ಬೆನ್ನು ತಿರುಗಿಸಿ ನಿಂತು, ಧಾರೆಯ ಕಡೆ ನೋಡುತ್ತಿದ್ದ. ವೈರನ್ನು ಕತ್ತರಿಸಿದ್ದ.

ಅವಳು ಔಷಧಿಯ ಚೀಲವನ್ನು ಅಲ್ಲೇ ಬಿಸಾಡಿ ಕೀ ತಿರುಗಿಸಿದಳು.

"ಅವರು ಅಷ್ಟು ಬಡ್ಕೊಳ್ತಿದ್ದಾರೆ, ನಿನಗೆ ಕಿವಿ ಕೇಳಲ್ವಾ?"

"ಅಣ್ಣ ಎಲ್ಲದಕ್ಕೂ ಅದೇ ಅನ್ನೋದು! ಅದರಲ್ಲಿ ಏನು ಅಂತ ತಿಳ್ಕೊಳ್ಳಲಿ? ನಿಮಗೆ ಮಾತ್ರ ಅದು ಮಾತು. ನನಗೆ..." ಎಂದವನು ನಿಲ್ಲಿಸಿದ.

"ಹೇಳು. ನಿನಗೆ ಏನು?"

"ನನಗೆ ಅದನ್ನ ಕೇಳೋಕೆ ಆಗಲ್ಲ ಅತ್ತಿಗೆ" ಎಂದು ಅವನು ಕೈ ಒರೆಸಿಕೊಂಡು ಹೊರಟುಹೋದ. ಅವನ ಕಣ್ಣಲ್ಲಿ ನೀರಿತ್ತು ಎಂದು ಅವಳು ಆಮೇಲೆ ಹೇಳಿದಳು. ಆ ಹೊತ್ತಿನಲ್ಲಿ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು, ಕರೆಯಲಿಲ್ಲ.

ಎಂಜಿನ್ನು ಕೆಡುವ ಮೊದಲು ನಿಂತಿತ್ತು, ಅದೊಂದು ಪುಣ್ಯ. ಅವಳೇ ಆ ವೈರನ್ನು ಹೆಣೆದು ಟೇಪು ಸುತ್ತಿದಳು. ಮುಂದೇನು ಎಂದು ತಿಳಿಯದೆ ದಿಮ್ಮಿಯ ಮೇಲೆ ಕೂತಳು. ಕ್ಯಾಪ್ಟನ್ನರ ಮಡಿಲಲ್ಲಿ ಹಳೆಯ ರಬ್ಬರ್ ಚಕ್ರ ಇತ್ತು. ಅದನ್ನು ಎತ್ತಿ ಅವಳಿಗೆ ತೋರಿಸಿದರು.

"ಹೌದ್ರೀ, ಅದು ಹಳೇದು. ಹೊಸದು ಹಾಕಿದ್ದೀವಿ."

ಅವರು ತಲೆ ಅಲ್ಲಾಡಿಸಿದರು. ಹೆಬ್ಬೆರಳಿನಿಂದ ಮುರಿದ ರೆಕ್ಕೆಯ ಬುಡವನ್ನು ಒತ್ತಿ ಒತ್ತಿ ತೋರಿಸಿದರು. "ಆಮೇಲೆ."

"ಮುರಿದಿದೆ, ಗೊತ್ತು. ಅದಕ್ಕೇ ತೆಗೆದಿದ್ದು."

"ಆಮೇಲೆ!" ಚಕ್ರವನ್ನು ಅವಳ ಮೇಲೆ ಎಸೆದರು. ಅದು ಭುಜಕ್ಕೆ ತಗುಲಿ ಕೆಳಗೆ ಬಿತ್ತು. ಅವಳಿಗೆ ಅಳು ಉಕ್ಕಿ ಬಂತು. ಮದುವೆಯಾಗಿ ಇಷ್ಟು ಕಾಲದಲ್ಲಿ ಅವರು ಅವಳ ಮೇಲೆ ಒಂದು ಕಡ್ಡಿಯನ್ನೂ ಎಸೆದವರಲ್ಲ. ಚಕ್ರ ಎತ್ತಿಕೊಂಡಳು. ಅಳುತ್ತಲೇ ಮುರಿದ ಜಾಗವನ್ನು ಮುಟ್ಟಿ ನೋಡಿದಳು. ಒಂದು, ಅದರ ಪಕ್ಕ ಇನ್ನೊಂದು, ಆಚೆ ಮತ್ತೊಂದು ಅರ್ಧ. ಕಾಲನ್ನು ಬಿಚ್ಚಿದಾಗ ಒಳಗಿನಿಂದ ಹೊರಬಂದದ್ದು ಈ ಚಕ್ರ ಒಂದೇ. ಬೇರೇನೂ ಉದುರಿರಲಿಲ್ಲ.

"ಇದರ ತುಂಡುಗಳು ಎಲ್ಲಿ ಹೋದವು ಅಂತ ಕೇಳ್ತಿದ್ದೀರಾ?"

ಕ್ಯಾಪ್ಟನ್ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. ಭಾರದ ಮೂಟೆಯೊಂದನ್ನು ದಡ ಮುಟ್ಟಿಸಿದವರಂತೆ ಉಸಿರುಬಿಟ್ಟರು. ಆಮೇಲೆ ಎಡಗೈಯನ್ನು ಎತ್ತಿ, ಬೆರಳನ್ನು ಎಂಜಿನ್ನಿನ ಕಾಲಿನಿಂದ ನಿಧಾನವಾಗಿ ಮೇಲಕ್ಕೆ, ತಲೆಯವರೆಗೆ ಒಯ್ದರು.

ಮುರಿದ ರಬ್ಬರು ನೀರಿನ ಜೊತೆ ಮೇಲೆ ಹೋಗಿ ಸಿಕ್ಕಿಕೊಂಡಿತ್ತು. ಒಂದು ತುಂಡು ಕೊಳವೆಯ ತಿರುವಿನಲ್ಲಿ ಸಿಕ್ಕಿತು, ಕೊಕ್ಕೆ ಹಾಕಿ ಎಳೆದಳು. ಉಳಿದವು ತಲೆಯ ಮೇಲಿನ ಮುಚ್ಚಳದ ಕೆಳಗೆ, ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟದ ಬಾಯಲ್ಲಿ ಇದ್ದವು. ಎಂಜಿನ್ನು ಬಿಸಿಯಾದಾಗ ಆ ಕವಾಟ ತಾನಾಗಿ ತೆರೆದುಕೊಂಡು ನೀರನ್ನು ಬಿಡಬೇಕು. ಅದರ ಮೇಲೂ ಸುಣ್ಣದಂತೆ ಬೆಳ್ಳಗೆ ಕಟ್ಟಿಕೊಂಡಿತ್ತು. ಅದನ್ನು ಉಜ್ಜಿ ತೊಳೆದು, ಇನ್ನೂ ಕೆಲಸಕ್ಕೆ ಬರುತ್ತದೋ ಇಲ್ಲವೋ ನೋಡಲು ಅಡುಗೆಮನೆಗೆ ತಂದಳು. ಹಾಲು ಕಾಯಿಸುವ ಪಾತ್ರೆಯಲ್ಲಿ ನೀರು ಹಾಕಿ, ಕವಾಟವನ್ನು ದಾರದಲ್ಲಿ ಇಳಿಬಿಟ್ಟು ಒಲೆ ಹೊತ್ತಿಸಿದಳು. ನಾನು ಅಲ್ಲೇ ಇದ್ದೆ. ಕ್ಯಾಪ್ಟನ್ ಕುರ್ಚಿಯಲ್ಲಿ ಕತ್ತು ಚಾಚಿ ಕೂತಿದ್ದರು. ನೀರಿನಿಂದ ತೆಳುವಾಗಿ ಆವಿ ಎದ್ದಿತು. ಏನೂ ಆಗಲಿಲ್ಲ. ಇನ್ನಷ್ಟು ಕಾಯಿತು. "ಹೋಯ್ತು ಇದು" ಎಂದಳು ಅವಳು. ಅವರು ಎಡಗೈ ಎತ್ತಿ, ತಾಳು ಎಂದು ಸನ್ನೆ ಮಾಡಿದರು. ನೀರಿನ ತಳದಲ್ಲಿ ಗುಳ್ಳೆ ಏಳತೊಡಗಿದಾಗ ಕವಾಟ ಹಕ್ಕಿಮರಿಯ ಬಾಯಿಯಂತೆ ಮೆಲ್ಲಗೆ ತೆರೆಯಿತು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ ಬಗೆಯನ್ನು ಕಂಡು, ಇಲ್ಲಿ ನನಗೇನು ಕೆಲಸ ಎನ್ನಿಸಿ ನಾನು ಎದ್ದು ಬಂದೆ.

ಮೈದುನನನ್ನು ಅವಳೇ ಹೋಗಿ ಕರೆತಂದಳು. ಏನೂ ನಡೆದೇ ಇಲ್ಲ ಎನ್ನುವ ಹಾಗೆ ಅವನು ಬಂದು ಬೋಲ್ಟು ಬಿಗಿದ. ಡ್ರಮ್ಮಿಗೆ ಹೊಸ ನೀರು ತುಂಬಿ ಹೊತ್ತಿಸಿದರು. ಕಿಂಡಿಯಿಂದ ಧಾರೆ ಬೆರಳಿನ ದಪ್ಪಕ್ಕೆ ಹಾರಿ ಗೋಡೆಗೆ ಬಿತ್ತು. ಕಾದರು. ಮತ್ತೂ ಕಾದರು. ಟಿಕೆಟಕ್ಕ ಎಂಜಿನ್ನಿನ ತಲೆಯ ಮೇಲೆ ಅಂಗೈ ಇಟ್ಟು ಹಾಗೇ ನಿಂತಿದ್ದಳು, ತೆಗೆಯಲಿಲ್ಲ. ಕೂಗು ಬರಲಿಲ್ಲ.

ದೋಣಿ ಹೊಳೆಗಿಳಿದ ದಿನ ದಡದ ತುಂಬ ಜನ. ಕ್ಯಾಪ್ಟನ್ನರಿಗೆ ಒಗೆದ ಅಂಗಿ ಹಾಕಿ, ತಲೆ ಬಾಚಿ, ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಚುಕ್ಕಾಣಿಯ ಪಕ್ಕ ಕೂರಿಸಿದರು. ಓಡಿಸುವವನು ಮೈದುನ. ದಡ ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಕ್ಯಾಪ್ಟನ್ ಎಡಗೈ ಚಾಚಿ ಚುಕ್ಕಾಣಿಯ ಚಕ್ರ ಹಿಡಿದರು. ತಮ್ಮ ತನ್ನ ಹಿಡಿತವನ್ನು ಸ್ವಲ್ಪ ಸಡಿಲಿಸಿದ. ದೋಣಿ ಎಡಕ್ಕೆ ವಾಲಿತು. ಹೆಚ್ಚೇನಲ್ಲ. ಆದರೆ ನಡುವಿನ ಬೆಂಚಿನಲ್ಲಿ ಮಗುವನ್ನು ಎತ್ತಿಕೊಂಡು ಕೂತಿದ್ದ ಹೆಂಗಸು ಹೆದರಿದಳು. "ಇವರು ಓಡಿಸ್ತಾರಾ? ಇವರಿಗೆ ಕೈ ಬರಲ್ವಲ್ಲ?" ಎಂದಳು. ಅವಳದ್ದೇನು ತಪ್ಪು, ಹೊಸಬಳು, ಮಗುವಿಗೆ ಜ್ವರ. ಮೈದುನ ಅಣ್ಣನ ಬೆರಳುಗಳನ್ನು ಒಂದೊಂದಾಗಿ ಮೆತ್ತಗೆ ಬಿಡಿಸಿ, ಕೈಯನ್ನು ಮಡಿಲಲ್ಲಿ ಇಟ್ಟ. ಕ್ಯಾಪ್ಟನ್ ಮಡಿಲಿನ ಆ ಕೈಯನ್ನು ನೋಡುತ್ತ ಕೂತರು. ಆಚೆ ದಡ ಬಂದದ್ದನ್ನು ಅವರು ನೋಡಲಿಲ್ಲ.

ಮರುದಿನ ಅಂಗಿ ಹಾಕಲು ಹೋದರೆ ಗೋಡೆಯ ಕಡೆ ತಿರುಗಿಕೊಂಡರು.

ದೋಣಿ ದಿನವೂ ಓಡಿತು. ಟಿಕೆಟಕ್ಕ ಮತ್ತೆ ಟಿಕೆಟು ಹರಿದಳು. ಎಂಜಿನ್ನು ಒಂದು ದಿನವೂ ತಕರಾರು ಮಾಡಲಿಲ್ಲ. ಅವಳು ದೋಣಿಯಲ್ಲಿರುವ ಹೊತ್ತಿಗೆ ನಾನು ಕೈಹೊಲಿಗೆಯ ಕೆಲಸ ತೆಗೆದುಕೊಂಡು ಹೋಗಿ ಕ್ಯಾಪ್ಟನ್ನರ ಹತ್ತಿರ ಕೂರುತ್ತಿದ್ದೆ. ಬೀದಿಯ ಸುದ್ದಿ ಹೇಳುತ್ತಿದ್ದೆ. ಅವರು ಕೇಳುತ್ತಿದ್ದರೋ ಇಲ್ಲವೋ. ದೋಣಿ ಹಿತ್ತಿಲಿನ ಮುಂದೆ ಹಾದುಹೋಗುವಾಗ ಸದ್ದು ಕೇಳುತ್ತಿತ್ತು. ಆಗಲೂ ಕಣ್ಣು ತೆರೆಯುತ್ತಿರಲಿಲ್ಲ. ಉಳಿದಿದ್ದ ಆ ಒಂದು ಪದವನ್ನೂ ಅವರು ಮತ್ತೆ ಆಡಿದ್ದು ನಾನು ಕೇಳಲಿಲ್ಲ.

ಒಂದು ಸಂಜೆ ಟಿಕೆಟಕ್ಕ ನನ್ನ ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಅದು ಕೂಗ್ತಿದ್ದಾಗ ಇವರು ಮನೇಲಿ ಇದ್ರು ಕಣೇ. ನಾನೇ ಕೂತು ರಿಪೇರಿ ಮಾಡಿ ಕಳಿಸಿಬಿಟ್ಟೆ."

"ಹಾಗೆಲ್ಲ ಅನ್ನಬೇಡ. ಜನಕ್ಕೆ ಎಷ್ಟು ಉಪಕಾರ ಆಗಿದೆ ನೋಡು."

"ಆಗಿದೆ. ಯಾರು ಇಲ್ಲ ಅಂದ್ರು?" ಎಂದಳು. "ನಿನ್ನೆ ಬೆಳಿಗ್ಗೆ ಏನ್ ಮಾಡಿದೆ ಗೊತ್ತಾ? ಆ ಹಳೇ ಚಕ್ರ ತಂದು ಇವರ ಕೈಯಲ್ಲಿ ಇಟ್ಟೆ. ಎಸೀಲಿ, ನನ್ನ ಮುಖಕ್ಕೇ ಎಸೀಲಿ ಅಂತ. ಹಿಡ್ಕೊಳ್ಳಲೇ ಇಲ್ಲ. ಜಾರಿ ಹಾಸಿಗೆ ಮೇಲೆ ಬಿತ್ತು."



ಕ್ಯಾಪ್ಟನ್ ಹೋದದ್ದು ಒಂದು ಬೆಳಗ್ಗೆ, ತಿಂಡಿಯ ಹೊತ್ತು ಕಳೆದ ಮೇಲೆ. ನಾನು ಅಂಗಿಯೊಂದಕ್ಕೆ ಕಾಲರು ಹಾಕುತ್ತ ಪಕ್ಕದಲ್ಲೇ ಇದ್ದೆ. ಉಸಿರು ಒಂದು ಬಗೆಯಾಗಿ ಎಳೆಯಿತು, ಮತ್ತೆ ಒಂದು ಸಲ, ಅಷ್ಟೇ. ಸೂಜಿ ಕೆಳಗಿಟ್ಟು ಹೆಸರು ಹಿಡಿದು ಕರೆದೆ, ಮುಖಕ್ಕೆ ನೀರು ಚಿಮುಕಿಸಿದೆ. ಬೀದಿಯ ಕೊನೆಯ ಮನೆಯ ನರ್ಸನ್ನು ಕೂಗಿ ಕರೆದೆ. ಅವಳು ನಾಡಿ ಹಿಡಿದು ನೋಡಿ ತಲೆಯಾಡಿಸಿದಳು.

ನಾನು ದಡಕ್ಕೆ ಓಡಿದೆ. ದೋಣಿ ಹೊಳೆಯ ನಡುವೆ ಇತ್ತು, ಆಚೆ ದಡದ ಕಡೆ ಹೋಗುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರವಿಲ್ಲ. ಕೈ ಬೀಸಿದೆ. ಟಿಕೆಟಕ್ಕ ಹಿಂಬದಿಯಲ್ಲಿ ನಿಂತಿದ್ದಳು. ನನ್ನನ್ನು ಕಂಡು ಅವಳೂ ಕೈ ಬೀಸಿದಳು. ತಮಾಷೆಗೆ ಕೈ ಬೀಸುತ್ತಿದ್ದೇನೆ ಎಂದುಕೊಂಡಳು. ನಾನು ಬೀಸುವುದನ್ನು ನಿಲ್ಲಿಸಿ ಎರಡು ಕೈಗಳನ್ನೂ ತಲೆಯ ಮೇಲಿಟ್ಟುಕೊಂಡು ನಿಂತೆ. ಅವಳ ಕೈ ಗಾಳಿಯಲ್ಲೇ ನಿಂತಿತು. ದೋಣಿ ಆಚೆ ದಡ ಮುಟ್ಟಿ, ಜನರನ್ನು ಇಳಿಸಿ, ತಿರುಗಿ ಬರುವವರೆಗೂ ನಾನು ಅಲ್ಲೇ ನಿಂತಿದ್ದೆ. ಅಷ್ಟು ಹೊತ್ತೂ ಅವಳು ದೋಣಿಯೊಳಗೆ ನಿಂತೇ ಇದ್ದಳು. ಜನರನ್ನು ಇಳಿಸಲೇಬೇಕಿತ್ತಲ್ಲ, ಅದರಲ್ಲಿ ಆಸ್ಪತ್ರೆಗೆ ಹೋಗುವವರಿದ್ದರು.

ಎಲ್ಲ ಮುಗಿದ ಮೇಲೆ ಅವಳು ದೋಣಿಗೆ ಮರಳಿದಳು. ಕೆಲವರು ಅದಕ್ಕೂ ಆಡಿಕೊಂಡರು, ಇಷ್ಟು ಬೇಗ ಹೊರಗೆ ಬಂದಳಲ್ಲ ಎಂದು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೈದುನ ಮಾತ್ರ ಬಡವಾಗುತ್ತ ಹೋದ. ದೋಣಿ ಓಡಿಸುವಾಗ ಪಕ್ಕದಲ್ಲಿ ಅಣ್ಣನ ಕುರ್ಚಿ ಇದ್ದ ಖಾಲಿ ಜಾಗದಲ್ಲಿ ಯಾರನ್ನೂ ನಿಲ್ಲಗೊಡುತ್ತಿರಲಿಲ್ಲ. ಒಮ್ಮೆ ಆಚೆ ದಡದಲ್ಲಿ ಜನಕ್ಕಾಗಿ ಕಾಯುತ್ತ ಕೂತಿದ್ದಾಗ, "ಅತ್ತಿಗೆ, ಅವತ್ತು ನಾನು ಅಣ್ಣನ ಕೈ ಬಿಡಿಸಬಾರದಿತ್ತು" ಎಂದನಂತೆ. "ಬಿಡಿಸದಿದ್ರೆ ದೋಣಿ ಮಗುಚ್ತಿತ್ತು" ಎಂದಳಂತೆ ಇವಳು. ಮಗುಚುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕಂಬ ಹೊಸದಾಗಿ ಕಟ್ಟಿ ಸೇತುವೆ ತೆರೆದರು. ಬಸ್ಸುಗಳು ಮತ್ತೆ ಬಂದವು. ಕೆಳದಂಡೆಯ ಯಾವುದೋ ಊರಿನಲ್ಲಿ ದೋಣಿ ಬೇಕಾಗಿದೆ ಎಂದು ತಿಳಿದು ಮೈದುನ ಅದನ್ನು ನೀರಿನಲ್ಲೇ ಅಲ್ಲಿಗೆ ಒಯ್ದ. ತಾನೂ ಅಲ್ಲೇ ಉಳಿದ. ಹೊರಡುವ ಮುಂಚೆ ಟಿಕೆಟಕ್ಕ ಎಂಜಿನ್ನಿನ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಊಟ ಹೊತ್ತುಹೊತ್ತಿಗೆ ಮಾಡು ಎಂದಷ್ಟೇ ಹೇಳಿದಳು.

ಈಗ ಅವಳು ಮಧ್ಯಾಹ್ನದ ಹೊತ್ತು ನನ್ನಲ್ಲಿಗೆ ಬರುತ್ತಾಳೆ. ಕ್ಯಾಪ್ಟನ್ನರ ಮಂಚ ಹೊರಗೆ ಹಾಕಿದ ಮೇಲೆ ತನ್ನ ಮನೆಯಲ್ಲಿ ಎಲ್ಲಿ ಕೂರಬೇಕೋ ತಿಳಿಯುವುದಿಲ್ಲ ಎನ್ನುತ್ತಾಳೆ. ನಾನು ಅವಳಿಗೆ ಗುಂಡಿ ಹಾಕುವ ಕೆಲಸ ಕೊಟ್ಟಿದ್ದೇನೆ. ಅಷ್ಟು ದಪ್ಪ ಬೋಲ್ಟು ಬಿಚ್ಚಿದ ಕೈ, ಸೂಜಿಗೆ ದಾರ ಪೋಣಿಸಲು ತಡಕಾಡುತ್ತದೆ. ಮೊನ್ನೆ ಒಂದು ಅಂಗಿಯ ಗುಂಡಿಗಳನ್ನೆಲ್ಲ ತೂತುಗಳಿಗೆ ಸರಿಹೊಂದದ ಜಾಗದಲ್ಲಿ ಹಾಕಿಬಿಟ್ಟಿದ್ದಳು. ನಾನು ಬಿಚ್ಚಲು ಕತ್ತರಿ ತೆಗೆದುಕೊಂಡೆ.

"ಕೊಡು, ನಾನೇ ಬಿಚ್ತೀನಿ" ಎಂದಳು.

"ಇರಲಿ ಬಿಡು, ಕಣ್ಣು ನೋಯುತ್ತೆ ನಿನಗೆ."

"ಕೊಡು ಅಂದೆ. ಮನೆಗೆ ಹೋಗಿ ಏನ್ ಮಾಡಲಿ?"

ಅಂಗಿಯನ್ನು ಅವಳ ಕೈಗೆ ಕೊಟ್ಟೆ. ಬಾಗಿಲ ಬೆಳಕಿಗೆ ಸರಿದು ಕೂತು ಒಂದೊಂದೇ ಗುಂಡಿಯ ದಾರವನ್ನು ಕತ್ತರಿಸತೊಡಗಿದಳು.